ವಿದೇಶ ವಿದ್ಯೆ: ಹೊಸ್ತಿಲ ಮೇಲಿನ ಒಂದು ವರ್ಷ

2022ರ ಶ್ರಾವಣಮಾಸದಲ್ಲಿ ಹಾವೇರಿ ಜಿಲ್ಲೆಯ ಒಂದು ಗ್ರಾಮದಲ್ಲಿ ನಾವು ತಿಂಗಳ ಪರ್ಯಂತ ಪುರಾಣ ಪ್ರವಚನ ನಡೆಸಿದ್ದೆವು. ಒಂದು ರಾತ್ರಿ ಮಂಗಳಾರತಿಯಾಗಿ, ಪ್ರಸಾದ ಮುಗಿದು, ಜನರೆಲ್ಲ ಮನೆಗಳಿಗೆ ತೆರಳಿದ ಮೇಲೆ ಭಕ್ತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಮೆಣಸಿನಕಾಯಿ, ಗೋವಿನಜೋಳ ಬೆಳೆಯುವ ಒಕ್ಕಲು ಮನೆತನ. ಮಗನು ಪಿ.ಯು.ಸಿ. ವಿಜ್ಞಾನವನ್ನು ಒಳ್ಳೆಯ ಅಂಕಗಳಿಂದ ಮುಗಿಸಿದ್ದನು. ಜರ್ಮನಿಗೆ ಹೋಗಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಬೇಕೆಂಬುದು ಅವನ ಹಂಬಲ.

"ಗುರುಗಳ, ಅಲ್ಲಿ ಕಾಲೇಜಿಗೆ ಸೇರೂಕಿಂತ ಮೊದಲ ಇನ್ನೊಂದು ವರ್ಷ ಬ್ಯಾರೆ ಓದಬೇಕಂತರೀ. ಪಾಸಾದ ಹುಡುಗಾ ಮತ್ತ ಅದನ್ನ ಓದೂದಂದ್ರ ಫೇಲಾದಂಗ ಆತಲ್ರೀ. ಏಜೆಂಟರು ರೊಕ್ಕಾ ಕಟ್ಟಿದ್ರ ಸೀಟು ಗ್ಯಾರಂಟಿ ಅಂತಾರ. ಕೆರೀ ಕೆಳಗಿನ ಎರಡೆಕರೆ ಮಾರಬೇಕಂತ ಮಾಡೀನಿ" ಎಂದು ಗೌಡರು ಹೇಳಿಕೊಂಡರು.

ನಾವು ಆ ರಾತ್ರಿ ಕೊಟ್ಟ ಉತ್ತರವನ್ನು ನೆನೆದರೆ ಇಂದಿಗೂ ನಮಗೆ ಸಂಕೋಚವಾಗುತ್ತದೆ. "ಗೌಡರೇ, ಕಲಿತದ್ದನ್ನೇ ಮತ್ತೆ ಕಲಿಯುವುದಕ್ಕೆ ಸಮುದ್ರ ದಾಟಬೇಕೇ? ನಮ್ಮಲ್ಲಿ ಕಾಲೇಜುಗಳಿಗೇನು ಬರವೇ?" ಎಂದುಬಿಟ್ಟೆವು. ಹುಡುಗನು ತಲೆ ತಗ್ಗಿಸಿ ಪಾದಮುಟ್ಟಿ ನಮಸ್ಕರಿಸಿ ಹೊರಟುಹೋದನು. ತಿಳಿಯದ ವಿಷಯದಲ್ಲಿ ತೀರ್ಪು ಕೊಟ್ಟೆವಲ್ಲಾ ಎಂಬ ಕೊರಗಿನಿಂದ ನಮಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಮಠದ ಮೊದಲ ವರ್ಷ

ಆ ನಿದ್ರೆಯಿಲ್ಲದ ರಾತ್ರಿ ನಮಗೆ ನಮ್ಮದೇ ಬಾಲ್ಯ ನೆನಪಾಯಿತು. ಏಳನೆಯ ಇಯತ್ತೆ ಮುಗಿಸಿ, ಊರಿಗೆಲ್ಲ ಜಾಣನೆನಿಸಿಕೊಂಡು ನಾವು ಮಠದ ಸಂಸ್ಕೃತ ಪಾಠಶಾಲೆಗೆ ಹೋದಾಗ, ಹಿರಿಯ ಶ್ರೀಗಳು ನಮ್ಮನ್ನು ನಮಗಿಂತ ಮೂರು ನಾಲ್ಕು ವರ್ಷ ಕಿರಿಯರಾದ ಮಕ್ಕಳ ಸಾಲಿನಲ್ಲಿ ಕೂರಿಸಿದರು. ಒಂದು ವರ್ಷವಿಡೀ ಶಬ್ದರೂಪ, ಧಾತುರೂಪ, ಅಮರಕೋಶ. ಇವುಗಳ ಹೊರತು ಬೇರೆ ಪಾಠವಿಲ್ಲ. ಕಾವ್ಯ ಓದುವ ಹಿರಿಯ ವಿದ್ಯಾರ್ಥಿಗಳನ್ನು ಕಂಡು ಅಸೂಯೆ, ಚಿಕ್ಕವರೊಡನೆ ಕೂಡುವುದಕ್ಕೆ ಅವಮಾನ. ಊರಿಗೆ ಓಡಿಹೋಗುವ ಯೋಚನೆಯೂ ಒಮ್ಮೆ ಬಂದಿತ್ತು. ಆದರೆ ಮರುವರ್ಷ ಕಾವ್ಯದ ಪಾಠ ಆರಂಭವಾದಾಗ ಅನ್ವಯವು ತಾನಾಗಿಯೇ ಬಿಡಿಸಿಕೊಳ್ಳತೊಡಗಿತು. ಕಳೆದುಹೋಯಿತೆಂದು ನಾವು ಅತ್ತಿದ್ದ ವರ್ಷವೇ ನಮ್ಮನ್ನು ಅಂದು ಎತ್ತಿ ಹಿಡಿದಿತ್ತು.

ಇದು ನೆನಪಾದ ಮೇಲೆ ನಾವು ಸುಮ್ಮನಿರಲಿಲ್ಲ. ನಮ್ಮ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ, ಈಗ ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬನನ್ನು ದೂರವಾಣಿಯಲ್ಲಿ ವಿಚಾರಿಸಿದೆವು; ಬೆಂಗಳೂರಿನಲ್ಲಿ ಜರ್ಮನ್ ಕಲಿಸುವ ಅಧ್ಯಾಪಕರನ್ನು ಕಂಡೆವು. ತಿಳಿದುಕೊಂಡುದನ್ನು ಮೊದಲು ಆ ಗೌಡರಿಗೆ ತಿಳಿಸಿದೆವು. ಅಂದಿನಿಂದ ಇದೇ ಪ್ರಶ್ನೆಯನ್ನು ಹಿಡಿದು ಹಲವು ಮನೆಗಳವರು ನಮ್ಮಲ್ಲಿಗೆ ಬಂದಿರುವುದರಿಂದ, ಅದನ್ನು ಓದುಗ ಶರಣಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಆ ವರ್ಷದಲ್ಲಿ ನಡೆಯುವುದೇನು?

ಹೊರದೇಶದಲ್ಲಿ ಶಾಲೆ ಮುಗಿಸಿ ಬಂದವರನ್ನು ವಿಶ್ವವಿದ್ಯಾಲಯದ ಓದಿಗೆ ಅಣಿಗೊಳಿಸುವ ಸಂಸ್ಥೆಗೆ ಜರ್ಮನಿಯಲ್ಲಿ ಸ್ಟೂಡಿಯನ್‌ಕೊಲೆಗ್ ಎಂದು ಹೆಸರು. ಇಂಗ್ಲೆಂಡಿನಲ್ಲಿ ಫೌಂಡೇಶನ್ ವರ್ಷವೆಂದು ಕರೆಯುವುದೂ ಬಹುಮಟ್ಟಿಗೆ ಇದೇ ಉದ್ದೇಶದ್ದು. ಆದರೆ ಅಲ್ಲಿ ಅದು ದುಬಾರಿ ಶುಲ್ಕದ ವ್ಯವಹಾರ. ಜರ್ಮನಿಯಲ್ಲಿ ಈ ಏರ್ಪಾಡು ಹಳೆಯದು. ಲೈಪ್‌ಜಿಗ್ ನಗರದಲ್ಲಿ ಅಂದಿನ ಪೂರ್ವ ಜರ್ಮನಿಯು 1956ರಲ್ಲಿ ಪರದೇಶದ ವಿದ್ಯಾರ್ಥಿಗಳಿಗೆಂದೇ ಒಂದು ಸಂಸ್ಥೆಯನ್ನು ತೆರೆಯಿತು. 1961ರಲ್ಲಿ ಅದಕ್ಕೆ ಹೆರ್ಡರ್ ಎಂಬ ಪಂಡಿತನ ಹೆಸರನ್ನಿಟ್ಟರು. ಏಷ್ಯಾ, ಆಫ್ರಿಕಾ ಖಂಡಗಳ ಎಷ್ಟೋ ತರುಣರು ಜರ್ಮನ್ ಭಾಷೆಯ ಅಕ್ಷರಾಭ್ಯಾಸ ಮಾಡಿದ್ದು ಅಲ್ಲಿಯೇ. ಇಂದು ಹೈಡೆಲ್‌ಬೆರ್ಗ್, ಹ್ಯಾಂಬರ್ಗ್, ಮ್ಯೂನಿಕ್, ಬರ್ಲಿನ್, ಹ್ಯಾನೋವರ್, ಲೈಪ್‌ಜಿಗ್ ಮೊದಲಾದ ನಗರಗಳಲ್ಲಿ ಸರ್ಕಾರದ ಸ್ಟೂಡಿಯನ್‌ಕೊಲೆಗ್‌ಗಳಿವೆ.

ಓದು ಸಾಮಾನ್ಯವಾಗಿ ಎರಡು ಸೆಮಿಸ್ಟರುಗಳದ್ದು. ಮುಂದೆ ಓದಬೇಕಾದ ವಿಷಯಕ್ಕೆ ತಕ್ಕಂತೆ ತರಗತಿಗಳನ್ನು ವಿಂಗಡಿಸಿರುತ್ತಾರೆ. ಇಂಜಿನಿಯರಿಂಗ್, ಗಣಿತ, ಭೌತ ವಿಜ್ಞಾನಗಳಿಗೆ 'ಟಿ' ತರಗತಿ, ವೈದ್ಯಕೀಯ ಮತ್ತು ಜೀವವಿಜ್ಞಾನಕ್ಕೆ 'ಎಂ', ಅರ್ಥಶಾಸ್ತ್ರ ಹಾಗೂ ಸಮಾಜಶಾಸ್ತ್ರಕ್ಕೆ 'ಡಬ್ಲ್ಯೂ', ಸಾಹಿತ್ಯ, ಇತಿಹಾಸಾದಿಗಳಿಗೆ 'ಜಿ', ಭಾಷೆಗಳಿಗೆ 'ಎಸ್'. ವಾರಕ್ಕೆ ಸುಮಾರು 28ರಿಂದ 32 ಗಂಟೆಗಳ ಪಾಠ. ಪಾಠವೆಲ್ಲ ಜರ್ಮನ್ ಭಾಷೆಯಲ್ಲಿಯೇ. ಕೊನೆಯಲ್ಲಿ ಒಂದು ಪರೀಕ್ಷೆ. ಅದರ ಜರ್ಮನ್ ಹೆಸರು ನಾಲಿಗೆಗೆ ಒಂದು ಗರಡಿಸಾಧನೆಯೇ ಸರಿ: ಫೆಸ್ಟ್‌ಸ್ಟೆಲುಂಗ್ಸ್‌ಪ್ರ್ಯೂಫುಂಗ್. ಅರ್ಹತೆಯನ್ನು ನಿಶ್ಚಯಿಸುವ ಪರೀಕ್ಷೆ ಎಂಬುದಷ್ಟೇ ತಾತ್ಪರ್ಯ. ಇದರಲ್ಲಿ ತೇರ್ಗಡೆಯಾದವರಿಗೆ ತಾವು ಆರಿಸಿಕೊಂಡ ವಿಷಯಗಳಲ್ಲಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಹಕ್ಕು ದೊರೆಯುತ್ತದೆ. ತಪ್ಪಿದರೆ ಮತ್ತೊಂದೇ ಒಂದು ಅವಕಾಶವುಂಟು.

ಹೀಗಿರುವಾಗ ಇದು ಹನ್ನೆರಡನೆಯ ತರಗತಿಯ ಪುನರಾವರ್ತನೆಯಲ್ಲ. ಸಮೀಕರಣವನ್ನು ಬಿಡಿಸಬಲ್ಲ ಹುಡುಗನು ಅದನ್ನು ಬಿಡಿಸಿದ ಬಗೆಯನ್ನು ಪರಭಾಷೆಯಲ್ಲಿ ವಿವರಿಸಬಲ್ಲನೇ? ಅಧ್ಯಾಪಕರು ವೇಗವಾಗಿ ಆಡುವ ಮಾತನ್ನು ಕೇಳುತ್ತಲೇ ಟಿಪ್ಪಣಿ ಬರೆದುಕೊಳ್ಳಬಲ್ಲನೇ? ಗೈಡ್ ಪುಸ್ತಕದ ಆಸರೆಯಿಲ್ಲದೆ, ಗ್ರಂಥಾಲಯದಲ್ಲಿ ತಾನೇ ಹುಡುಕಿ ಓದಬಲ್ಲನೇ? ಆ ವರ್ಷವು ಕೇಳುವ ಪ್ರಶ್ನೆಗಳು ಇವು. ನಮ್ಮ ಪಿ.ಯು.ಸಿ.ಯ ಅಂಕಪಟ್ಟಿ ಇವುಗಳಿಗೆ ಉತ್ತರ ಹೇಳುವುದಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ?

ಪೋಷಕರು ಮೊದಲು ತಿಳಿಯಬೇಕಾದುದು ಇದನ್ನು. ಭಾರತದಲ್ಲಿ ಹನ್ನೆರಡನೆಯ ತರಗತಿಯನ್ನು ಮಾತ್ರ ಮುಗಿಸಿದವರಿಗೆ ಜರ್ಮನ್ ವಿಶ್ವವಿದ್ಯಾಲಯದ ಬಾಗಿಲು ಸಾಮಾನ್ಯವಾಗಿ ನೇರವಾಗಿ ತೆರೆಯುವುದಿಲ್ಲ. ಅವರಿಗೆ ಸ್ಟೂಡಿಯನ್‌ಕೊಲೆಗ್ ಒಂದು ದಾರಿ. ಎರಡನೆಯದು, ಮಾನ್ಯತೆ ಪಡೆದ ಭಾರತೀಯ ವಿಶ್ವವಿದ್ಯಾಲಯದಲ್ಲಿ ಪದವಿಯ ಮೊದಲ ವರ್ಷವನ್ನು ಯಶಸ್ವಿಯಾಗಿ ಮುಗಿಸಿ, ಅದೇ ವಿಷಯದಲ್ಲಿ ಅಲ್ಲಿಗೆ ನೇರವಾಗಿ ಅರ್ಜಿ ಹಾಕುವುದು. ಮೂರನೆಯದು, ಜೆ.ಇ.ಇ. ಅಡ್ವಾನ್ಸ್‌ಡ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತಾಂತ್ರಿಕ ಹಾಗೂ ನಿಸರ್ಗ ವಿಜ್ಞಾನದ ವಿಷಯಗಳಿಗೆ ನೇರ ಪ್ರವೇಶ ಕೋರುವುದು.

ಅಂದರೆ ಬಹುಪಾಲು ಮಕ್ಕಳಿಗೆ ಹೇಗಿದ್ದರೂ ಒಂದು ವರ್ಷ ಕೊಡಲೇಬೇಕಾಗುತ್ತದೆ. ಅದನ್ನು ಅಲ್ಲಿ ಕೊಡಬೇಕೋ, ಇಲ್ಲಿ ಕೊಡಬೇಕೋ ಎಂಬುದಷ್ಟೇ ಪ್ರಶ್ನೆ. ಇಲ್ಲಿ ಕೊಟ್ಟರೆ ಖರ್ಚು ಕಡಿಮೆ, ಮನೆ ಹತ್ತಿರ. ಆದರೆ ಭಾಷೆಯನ್ನು ಪದವಿಯ ಓದಿನ ಜೊತೆಗೆ ಸ್ವಂತ ಬಲದಿಂದ ಮೇಲಿನ ಮಟ್ಟಕ್ಕೆ ಒಯ್ಯಬೇಕು. ಅಲ್ಲಿ ಕೊಟ್ಟರೆ ಖರ್ಚು ಹೆಚ್ಚು. ಆದರೆ ಭಾಷೆ, ವಿಷಯ, ಆ ನಾಡಿನ ರೀತಿನೀತಿ ಮೂರೂ ಒಟ್ಟಿಗೆ ಕೈಗೆ ಹತ್ತುತ್ತವೆ. ಮಗುವಿನ ಸ್ವಭಾವವನ್ನು ಬಲ್ಲ ತಾಯಿತಂದೆಗಳೇ ಇದನ್ನು ನಿರ್ಧರಿಸಬೇಕು.

ವೈದ್ಯಕೀಯದ ಆಸೆಯಿಂದ 'ಎಂ' ತರಗತಿಯತ್ತ ನೋಡುವವರಿಗೆ ಒಂದು ಎಚ್ಚರಿಕೆಯ ಮಾತು. ಜರ್ಮನಿಯಲ್ಲಿ ವೈದ್ಯಕೀಯ ಶಿಕ್ಷಣ ನಡೆಯುವುದು ಮುಖ್ಯವಾಗಿ ಜರ್ಮನ್ ಭಾಷೆಯಲ್ಲಿ. ಪರದೇಶದವರಿಗೆ ಸೀಟುಗಳೂ ಕೆಲವೇ. ಇತ್ತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರಲ್ಲಿ ವಿದೇಶೀ ವೈದ್ಯ ಪದವಿಗಳ ಬಗ್ಗೆ ನಿಯಮಗಳನ್ನು ಬಿಗಿಗೊಳಿಸಿ, ಶಿಕ್ಷಣವು ಇಂಗ್ಲಿಷ್ ಮಾಧ್ಯಮದ್ದಾಗಿರಬೇಕೆಂದು ವಿಧಿಸಿದೆ. ಓದಿ ಬಂದು ಊರಿನಲ್ಲಿ ದವಾಖಾನೆ ತೆರೆಯುವ ಕನಸಿದ್ದವರು ಮೊದಲು ಆ ನಿಯಮಗಳನ್ನು ಓದಿಕೊಳ್ಳಬೇಕು.

ಭಾಷೆಯ ಆರು ಮೆಟ್ಟಿಲು

ಸರ್ಕಾರದ ಸ್ಟೂಡಿಯನ್‌ಕೊಲೆಗ್‌ಗೆ ಸೇರಲು ಪ್ರವೇಶ ಪರೀಕ್ಷೆಯುಂಟು. ಜರ್ಮನ್ ಭಾಷೆ ಎಲ್ಲರಿಗೂ. ವಿಜ್ಞಾನ, ಅರ್ಥಶಾಸ್ತ್ರಗಳ ತರಗತಿಗಳಿಗೆ ಸಾಮಾನ್ಯವಾಗಿ ಗಣಿತವೂ ಸೇರುತ್ತದೆ. ಯುರೋಪಿನವರು ಭಾಷಾಜ್ಞಾನವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲುಗಳಾಗಿ ಅಳೆಯುತ್ತಾರೆ. ಈ ಪ್ರವೇಶ ಪರೀಕ್ಷೆಗೆ ಬಿ1 ಅಥವಾ ಬಿ2 ಮೆಟ್ಟಿಲನ್ನು ಏರಿರಬೇಕು. ಷಟ್‌ಸ್ಥಲವನ್ನು ಬೋಧಿಸುವ ನಮಗೆ ಆರರ ಲೆಕ್ಕ ಹೊಸದಲ್ಲ. ಲೌಕಿಕವನ್ನೂ ಪಾರಮಾರ್ಥವನ್ನೂ ಒಂದೇ ತಕ್ಕಡಿಯಲ್ಲಿ ನಾವು ತೂಗುತ್ತಿಲ್ಲ; ಆದರೆ ಭಕ್ತಸ್ಥಲವನ್ನು ಹಾರಿ ಐಕ್ಯಕ್ಕೆ ಜಿಗಿಯಲಾಗದೆಂಬುದು ಬಲ್ಲವರಿಗೆ, ಎ1 ಬಿಟ್ಟು ಬಿ2 ಏರಲಾಗದೆಂಬುದೂ ಸುಲಭವಾಗಿ ತಿಳಿಯುತ್ತದೆ.

ಈ ಮೆಟ್ಟಿಲುಗಳನ್ನು ನಮ್ಮ ನಾಡಿನಲ್ಲಿಯೇ ಏರಬಹುದು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನವೆಂಬ ಗೋಯ್‌ಥೆ ಸಂಸ್ಥೆಯಲ್ಲಿ ಕಲಿಕೆಯೂ ಪರೀಕ್ಷೆಯೂ ಉಂಟು. ಶ್ರದ್ಧೆಯಿಂದ ಕುಳಿತವರಿಗೂ ಬಿ2 ಮುಟ್ಟಲು ಒಂದು ವರ್ಷದಷ್ಟು ಕಾಲ ಹಿಡಿಯುತ್ತದೆ.

ಪರಭಾಷೆಗೆ ವರ್ಷಗಟ್ಟಲೆ ತಲೆಬಾಗುವುದು ಹೀನಾಯವೆನ್ನುವವರಿಗೆ ನಾವು ಇದೇ ಜರ್ಮನಿಯಿಂದ ನಮ್ಮಲ್ಲಿಗೆ ಬಂದ ಇಬ್ಬರನ್ನು ತೋರಿಸುತ್ತೇವೆ. ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು, ಕನ್ನಡವನ್ನು ಅಕ್ಷರದಿಂದ ಕಲಿತು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ನಮ್ಮ ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದವರೂ ಅವರೇ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ತಮ್ಮ ಬಾಳಿನ ಬಹುಭಾಗವನ್ನು ಕನ್ನಡದ ಶಬ್ದಗಳಿಗೆ ಮುಡಿಪಿಟ್ಟರು. ಅವರ ನಿಘಂಟು 1894ರಲ್ಲಿ ಹೊರಬಂದಿತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರೇಟ್ ನೀಡಿ ಗೌರವಿಸಿತು. ಅವರು ಬಂದದ್ದು ಮತಪ್ರಚಾರಕ್ಕೆ, ನಿಜ. ಆದರೆ ನಮ್ಮ ಭಾಷೆಯ ಮುಂದೆ ಅವರು ಬಾಲಕರಂತೆ ಕುಳಿತುದರಿಂದ ಅವರ ಘನತೆಗೆ ಕುಂದು ಬಂದಿತೇ?

ಹಣದ ಮಾತು

ಹಣದ ವಿಷಯದಲ್ಲಿ ನಮ್ಮ ಮನೆಗಳು ಮೋಸಹೋಗುವುದನ್ನು ಕಂಡಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಸರ್ಕಾರದ ಸ್ಟೂಡಿಯನ್‌ಕೊಲೆಗ್‌ಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರಿಗೆ ಒಂದು ವಂತಿಗೆಯನ್ನು ಕೊಡಬೇಕು. ವಿಶ್ವವಿದ್ಯಾಲಯಗಳಲ್ಲಿಯೂ ಬಹುಮಟ್ಟಿಗೆ ಹೀಗೆಯೇ, ಆದರೆ ಎಲ್ಲೆಡೆಯಲ್ಲ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯವು 2017ರಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಿತು. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಇಂತಹ ಶುಲ್ಕವನ್ನು ಆರಂಭಿಸಿತು.

ವೀಸಾ ದೊರೆಯಬೇಕಾದರೆ ಒಂದು ವರ್ಷದ ಜೀವನೋಪಾಯಕ್ಕೆ ಹಣವಿದೆಯೆಂದು ತೋರಿಸಬೇಕು. ಇದಕ್ಕೆಂದು ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಹಣವಿಡುವ ಪದ್ಧತಿಯಿದೆ. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗಳಿಗೆ ಏರಿಸಿದರು. ನಮ್ಮ ಲೆಕ್ಕದಲ್ಲಿ ಸುಮಾರು 12 ಲಕ್ಷ ರೂಪಾಯಿ. ಇದು ಯಾರಿಗೋ ಕೊಡುವ ಶುಲ್ಕವಲ್ಲ. ತಿಂಗಳಿಗೆ 992 ಯೂರೋಗಳಂತೆ ಮಗುವಿನ ಕೈಗೇ ಬರುವ ಹಣ. ಇದಲ್ಲದೆ 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳನ್ನು ದೆಹಲಿಯ ಎ.ಪಿ.ಎಸ್. ಕೇಂದ್ರದಿಂದ ಪರಿಶೀಲಿಸಿಕೊಂಡು ಪ್ರಮಾಣಪತ್ರ ಪಡೆಯಬೇಕಾಗಿದೆ.

ಏಜೆಂಟರು ಹೇಳುವ 'ಗ್ಯಾರಂಟಿ' ಸೀಟು ಸಾಮಾನ್ಯವಾಗಿ ಖಾಸಗಿ ಸಂಸ್ಥೆಗಳದ್ದು. ಅವುಗಳಲ್ಲಿ ಒಳ್ಳೆಯವೂ ಇರಬಹುದು. ಆದರೆ ಮಾನ್ಯತೆಯಿಲ್ಲದ ಕಡೆ ಓದಿದವರು ಕೊನೆಯ ಪರೀಕ್ಷೆಯನ್ನು ಬೇರೆಡೆ, ಹೊರಗಿನ ಅಭ್ಯರ್ಥಿಗಳಾಗಿ ಬರೆಯಬೇಕಾಗುತ್ತದೆ. ನಮಗೆ ಬಲ್ಲ ಇನ್ನೊಂದು ಮನೆಯಲ್ಲಿ ಹೀಗಾಯಿತು. ತೋಟವನ್ನು ಮಾರಿ ಶುಲ್ಕ ಕಟ್ಟಿದರು. ಭಾಷೆ ಬಾರದ ಹುಡುಗನು ವಿಮಾನ ಹತ್ತಿದನು. ಎರಡು ಸಲ ಪರೀಕ್ಷೆ ತಪ್ಪಿತು, ಹಿಂದಿರುಗಿ ಬಂದನು. ಆರು ತಿಂಗಳು ಆ ತಾಯಿ ಮಠದ ಅಮಾವಾಸ್ಯೆಯ ಪ್ರಸಾದಕ್ಕೂ ಬರಲಿಲ್ಲ. ನಾವೇ ಅವರ ಮನೆಗೆ ಹೋಗಿ ಕುಳಿತು ಬಂದೆವು. ಆ ಹುಡುಗನು ದಡ್ಡನಲ್ಲ. ಕಲಿಕೆಯ ಮೊದಲ ಭಾಗವನ್ನು ಇಲ್ಲಿ ಮಾಡಿಕೊಳ್ಳದೆ ಅವನನ್ನು ಕಳುಹಿಸಿದ್ದೇ ತಪ್ಪು. ಆ ತಪ್ಪು ಹಿರಿಯರದು.

ಆದುದರಿಂದ ನಾವು ಒತ್ತಿ ಹೇಳುವ ಮಾತು ಒಂದೇ: ಮಗು ಬಿ1 ಮೆಟ್ಟಿಲನ್ನಾದರೂ ಏರುವವರೆಗೆ ಒಂದು ಗುಂಟೆ ಭೂಮಿಯನ್ನೂ ಮಾರಬೇಡಿ. ಭಾಷೆಯಲ್ಲಿ ಮನಸ್ಸು ನಿಂತರೆ ಮುಂದಿನ ಖರ್ಚಿಗೆ ಅರ್ಥವುಂಟು. ನಿಲ್ಲದಿದ್ದರೆ ಕಳೆದುದು ಕೆಲವು ಸಾವಿರ ರೂಪಾಯಿ, ಕೆಲವು ತಿಂಗಳು. ಮನೆತನದ ಭೂಮಿಯಂತೂ ಉಳಿಯುತ್ತದೆ.

ಕೋಣೆಯಲ್ಲಿ ಲಿಂಗಪೂಜೆ

ಮೊದಲು ಹೇಳಿದ ಗೌಡರು ಭೂಮಿ ಮಾರಲಿಲ್ಲ. ಹುಡುಗನು ಬೆಂಗಳೂರಿನಲ್ಲಿದ್ದು ಜರ್ಮನ್ ಕಲಿತನು. ಮೊದಲ ಪ್ರವೇಶ ಪರೀಕ್ಷೆಯಲ್ಲಿ ಗಣಿತ ದಾಟಿತು, ಭಾಷೆ ದಾಟಲಿಲ್ಲ. ಅತ್ತು, ಮತ್ತೆ ಕುಳಿತು, ಮುಂದಿನ ಸಲ ಗೆದ್ದನು. ಬ್ಯಾಂಕಿನ ಶಿಕ್ಷಣ ಸಾಲ, ಸೋದರಮಾವನ ನೆರವು, ಎರಡು ಹಂಗಾಮಿನ ಮೆಣಸಿನಕಾಯಿ ಇವುಗಳಿಂದ ಹಣ ಹೊಂದಿಸಿ, 2024ರ ಆರಂಭದಲ್ಲಿ ಅವನನ್ನು ಕಳುಹಿಸಿದರು.

ಅವನ ಅಜ್ಜಿಗೆ ಹಣದ ಚಿಂತೆಯಿರಲಿಲ್ಲ. "ಅಲ್ಲಿ ನನ್ನ ಮೊಮ್ಮಗಾ ಲಿಂಗಪೂಜಿ ಹೆಂಗ ಮಾಡ್ಕೋತಾನೋ, ಏನು ಉಣ್ತಾನೋ" ಎಂಬುದೊಂದೇ ಕೊರಗು. ಊಟದ ಪ್ರಶ್ನೆ ಬಗೆಹರಿಯಿತು. ಅಕ್ಕಿ, ಬೇಳೆ, ಕಾಯಿಪಲ್ಲೆ, ಮೊಸರು ಅಲ್ಲಿ ಸಿಗುತ್ತವೆ; ವಿದ್ಯಾರ್ಥಿಗಳ ಭೋಜನಶಾಲೆಗಳಲ್ಲಿ ಸಸ್ಯಾಹಾರವೂ ಉಂಟು. ಜೋಳದ ರೊಟ್ಟಿ ಮಾತ್ರ ಕನಸಿನಲ್ಲಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಸುಮಾರಿಗೇ ಕತ್ತಲಾಗುವುದು ಅವನನ್ನು ಹೆಚ್ಚು ಕುಗ್ಗಿಸಿತು. ಅದನ್ನು ಸಹಿಸುವುದೂ ಆ ವರ್ಷದ ಪಾಠಗಳಲ್ಲಿ ಒಂದು.

ಪೂಜೆಯ ವಿಷಯದಲ್ಲಿ ನಡೆದುದು ನಮಗೇ ಪಾಠವಾಯಿತು. ಅವನ ಕೋಣೆಯಲ್ಲಿ ವಿಯೆಟ್ನಾಮಿನ ಒಬ್ಬ ಹುಡುಗನಿದ್ದನು. ಇವನು ಮುಂಜಾವಿನಲ್ಲಿ ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕುಳಿತುದನ್ನು ಕಂಡು, ಅವನು ಜರ್ಮನ್ ಭಾಷೆಯಲ್ಲಿ ಕೇಳಿದನಂತೆ: "ಇದು ಏನು? ನಿನ್ನ ಕೈಯನ್ನು ಏಕೆ ನೋಡುತ್ತೀ?" ಉತ್ತರಿಸಲು ಹೊರಟ ನಮ್ಮ ಹುಡುಗನಿಗೆ ಜರ್ಮನ್ ಶಬ್ದ ಸಿಗಲಿಲ್ಲ. ಸ್ವಲ್ಪ ಯೋಚಿಸಿದಾಗ, ಕನ್ನಡದ ಶಬ್ದವೂ ತನ್ನಲ್ಲಿಲ್ಲವೆಂದು ತಿಳಿಯಿತು. ಆ ರಾತ್ರಿ ನಮಗೆ ಕರೆ ಮಾಡಿದನು. "ಗುರುಗಳ, ಸಣ್ಣಂದಿನಿಂದ ಕಟ್ಟಿಕೊಂಡೀನ್ರೀ. ಯಾಕಂತ ಕೇಳಿದ್ರ ಹೇಳಾಕ ಬರವಲ್ದು."

ನಾವು ಅಂದು ಒಂದು ಗಂಟೆ ಮಾತನಾಡಿದೆವು. ಇಷ್ಟಲಿಂಗವು ಅರಿವಿನ ಕುರುಹು. ಶರಣರು ದೇವರನ್ನು ಗುಡಿಯ ಗೋಡೆಗಳಿಂದ ಬಿಡಿಸಿ ಮನುಷ್ಯನ ಅಂಗೈಗೆ ತಂದರು. ಒಡೆಯನಿಗೂ ಆಳಿಗೂ, ಗಂಡಿಗೂ ಹೆಣ್ಣಿಗೂ ಅದನ್ನು ಸಮನಾಗಿ ಕೊಟ್ಟರು. ದೇವರಿಗೂ ಭಕ್ತನಿಗೂ ನಡುವೆ ಮೂರನೆಯವರು ಬೇಡವೆಂದರು. ಇದನ್ನೆಲ್ಲ ಅವನು ಬರೆದುಕೊಂಡು, ನಿಘಂಟು ಹಿಡಿದು ಜರ್ಮನ್‌ಗೆ ತಿರುಗಿಸಿ, ಮೊದಲು ಕೋಣೆಯ ಗೆಳೆಯನಿಗೂ ಅನಂತರ ತರಗತಿಯಲ್ಲಿ ಭಾಷಣವಾಗಿಯೂ ಹೇಳಿದನು. ಮಠದ ಅಂಗಳದಲ್ಲಿ ಹದಿನೆಂಟು ವರ್ಷ ಬೆಳೆದ ಹುಡುಗನಿಗೆ ನಾವು ಹೇಳಿಕೊಡದೆ ಉಳಿದುದನ್ನು ಪರದೇಶದ ಒಂದು ಪ್ರಶ್ನೆಯು ಹೇಳಿಸಿತು. ಆ ವರ್ಷವು ಅವನನ್ನು ಇಂಜಿನಿಯರಿಂಗ್ ಓದಿಗೆ ಅಣಿಗೊಳಿಸಿದಂತೆ ತನ್ನ ಧರ್ಮಕ್ಕೂ ಅಣಿಗೊಳಿಸಿತು.

ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಗೆ ಕರೆ ಮಾಡಿ "ಗಣಿತದಾಗ ಒಂದು ಬಂತು" ಎಂದನಂತೆ. ಗೌಡರ ಎದೆ ಧಸಕ್ಕೆಂದಿತು. ಜರ್ಮನಿಯಲ್ಲಿ ಒಂದು ಎಂದರೆ ಶ್ರೇಷ್ಠ, ನಾಲ್ಕಕ್ಕೆ ತೇರ್ಗಡೆ, ಅದರಾಚೆ ಅನುತ್ತೀರ್ಣ ಎಂದು ತಿಳಿಸಿಹೇಳುವಷ್ಟರಲ್ಲಿ ಮನೆಯವರೆಲ್ಲ ಕಣ್ಣೀರಿಟ್ಟು ಆಗಿತ್ತು. ಆ ಹುಡುಗನು 2025ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯ ಸೇರಿದನು.

ಸಮಾಜ ಮಾಡಬೇಕಾದುದು

ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಬೆಳಗಾವಿಯ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಗೋಕಾಕ ಸೀಮೆಯಿಂದ ಕೇಂಬ್ರಿಜ್ಜಿಗೆ ಹೋಗಿ ಗಣಿತ ಓದಿದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ತಾವು ಕಂಡುದನ್ನು ಈ ನಾಡಿಗೆ ಹಿಂದಿರುಗಿಸಿದರು. ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ನೀಡಿದರು. ದಾಸೋಹವೆಂದರೆ ಅನ್ನವಷ್ಟೇ ಅಲ್ಲವೆಂದು ಇವರೆಲ್ಲ ತೋರಿಸಿಕೊಟ್ಟಿದ್ದಾರೆ.

ಇಂದು ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಸಂಜೆಯ ಹೊತ್ತು ಒಂದು ಗಂಟೆ ಪರಭಾಷೆಯ ಪಾಠವೇಕೆ ನಡೆಯಬಾರದು? ಒಬ್ಬ ಅಧ್ಯಾಪಕರು, ಒಂದು ಕೋಣೆ, ಕೆಲವು ಪುಸ್ತಕಗಳು, ಇಷ್ಟೇ ಸಾಕು. ಹೊರದೇಶಗಳಲ್ಲಿರುವ ನಮ್ಮ ತರುಣರು ವಾರಕ್ಕೊಮ್ಮೆ ಇಲ್ಲಿಯ ಮಕ್ಕಳೊಡನೆ ಮಾತನಾಡಿದರೆ ಏಜೆಂಟರ ಬಣ್ಣದ ಮಾತಿಗೆ ಬೆಲೆಯೇ ಉಳಿಯದು. ನಮ್ಮ ಪ್ರಸಾದ ನಿಲಯದಲ್ಲಿ ಹೋದ ವರ್ಷ ಹನ್ನೊಂದು ಮಕ್ಕಳೊಡನೆ ಇದನ್ನು ಆರಂಭಿಸಿದ್ದೇವೆ. ಅವರಲ್ಲಿ ನಾಲ್ವರು ಹೆಣ್ಣುಮಕ್ಕಳು. ಎಲ್ಲರೂ ಸಮುದ್ರ ದಾಟಲಾರರು, ದಾಟಬೇಕಾಗಿಯೂ ಇಲ್ಲ. ಆ ಮಕ್ಕಳಿಗೆ ಇಷ್ಟಲಿಂಗದ ಅರ್ಥವನ್ನೂ ವಾರಕ್ಕೊಂದು ದಿನ ಹೇಳಿಕೊಡುತ್ತಿದ್ದೇವೆ. ಮೊದಲ ತಪ್ಪನ್ನು ಎರಡನೆಯ ಸಲ ಮಾಡಬಾರದಲ್ಲವೇ?

ತಾಯಂದಿರೇ, ತಂದೆಯರೇ, ನಿಮ್ಮ ಮಗನೋ ಮಗಳೋ ಒಂದು ವರ್ಷ ಹೊಸ್ತಿಲ ಮೇಲೆ ನಿಲ್ಲಬೇಕಾಗಿ ಬಂದರೆ ನಾಚಬೇಡಿ. ನೆರೆಹೊರೆಯವರ ಪ್ರಶ್ನೆಗಳಿಗೆ ಅಂಜಬೇಡಿ. ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿದು ಒಳಗೆ ಹೋಗುವ ಜನ ನಾವು. ಅಲ್ಲಿ ಕ್ಷಣಕಾಲ ನಿಲ್ಲುವುದರ ಬೆಲೆಯನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಬಸವಾದಿ ಶರಣರ ಕೃಪೆ ಎಲ್ಲ ಮಕ್ಕಳ ಮೇಲೂ ಇರಲಿ. ಶರಣು ಶರಣಾರ್ಥಿಗಳು.